ಡೈರೆಕ್ಟರಿಯಲ್ಲಿಲ್ಲದ ಹೆಸರು

ಶಂಕ್ರವ್ವ ಹಂಚಿನಾಳ ಆರು ವರ್ಷ ಟೆಲಿವಿಷನ್ ಸ್ಕ್ರಿಪ್ಟುಗಳನ್ನು ಓದಿದಳು. ಒಂದನ್ನೂ ಸುಖವಾಗಿ ಓದಲಿಲ್ಲ. ಅವಳ ಕೆಲಸವೇ ತಪ್ಪು ಹುಡುಕುವುದು, ಮತ್ತು ಆ ಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಆಫೀಸಿನಲ್ಲಿ ಇರಲಿಲ್ಲ.

ಆಫೀಸು ಹಾಲಿವುಡ್‌ನ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಕೆಳಗಡೆ ವಿಗ್ ಮಾರುವ ಅಂಗಡಿ. ಮೇಲೆ ನಾಲ್ಕು ಮೇಜು, ನಾಲ್ಕು ಹೆಂಗಸರು, ಗೋಡೆಯ ತುಂಬ ವಿಶ್ವಕೋಶಗಳು, ಅಟ್ಲಾಸುಗಳು, ಟೆಲಿಫೋನ್ ಡೈರೆಕ್ಟರಿಗಳು. ಒಡತಿ ಮಿಸೆಸ್ ಟಾಲ್ಬಟ್ ಹಿಂದೆ ಲೈಬ್ರರಿಯನ್ ಆಗಿದ್ದವರು. ಸ್ಟುಡಿಯೋಗಳು ಶೂಟಿಂಗಿಗೆ ಮೊದಲು ಸ್ಕ್ರಿಪ್ಟನ್ನು ಇವರಿಗೆ ಕಳಿಸುತ್ತಿದ್ದವು. ಇವರು ಎರಡು ವಿಷಯ ನೋಡಬೇಕು. ಕಥೆಯಲ್ಲಿ ಹೇಳಿದ ಸಂಗತಿ ಸರಿಯಿದೆಯೇ ಎಂಬುದು ಒಂದು. ಕಥೆಯ ಪಾತ್ರದ ಹೆಸರಿನವರು ನಿಜವಾಗಿ ಯಾರಾದರೂ ಇದ್ದಾರೆಯೇ ಎಂಬುದು ಇನ್ನೊಂದು. ಡೈರೆಕ್ಟರಿಯಲ್ಲಿ ಆ ಹೆಸರಿನವರು ನೂರು ಜನ ಇದ್ದರೆ ಚಿಂತೆಯಿಲ್ಲ, ಯಾರೂ ಇಲ್ಲದಿದ್ದರೂ ಚಿಂತೆಯಿಲ್ಲ. ಒಬ್ಬನೇ ಒಬ್ಬ ಇದ್ದರೆ ಅಪಾಯ. ಕಥೆಯ ಕಳ್ಳನೋ ಕೊಲೆಗಾರನೋ ತಾನೇ ಎಂದು ಅವನು ಕೋರ್ಟಿಗೆ ಹೋಗಬಹುದು. ಅಂಥ ಹೆಸರಿನ ಮುಂದೆ ‘ನಾಟ್ ಕ್ಲಿಯರ್’ ಎಂದು ಬರೆದರೆ ಸ್ಟುಡಿಯೋದವರು ಹೆಸರು ಬದಲಿಸುತ್ತಿದ್ದರು.

ಧಾರವಾಡದಲ್ಲಿ ಫಿಸಿಕ್ಸ್ ಎಂ.ಎಸ್‌ಸಿ. ಮಾಡಿದ್ದ ಶಂಕ್ರವ್ವ ಗಂಡ ನೀಲಕಂಠಪ್ಪನ ಜೊತೆ ಅಮೆರಿಕಕ್ಕೆ ಬಂದದ್ದು ೧೯೬೬ರಲ್ಲಿ. ಅವನಿಗೆ ರೆಡೊಂಡೊ ಬೀಚಿನ ಒಂದು ಏರೋಸ್ಪೇಸ್ ಕಂಪನಿಯಲ್ಲಿ ನೌಕರಿ. ಅವಳು ಅಲ್ಲಿಯ ಕಾಲೇಜುಗಳಿಗೆಲ್ಲ ಅಪ್ಲೈ ಮಾಡಿ, ಎಲ್ಲ ಕಡೆಯಿಂದಲೂ ಇಲ್ಲವೆನ್ನಿಸಿಕೊಂಡು, ಎರಡು ವರ್ಷದ ಮೇಲೆ ಪತ್ರಿಕೆಯಲ್ಲಿ ಮಿಸೆಸ್ ಟಾಲ್ಬಟ್ ಅವರ ಜಾಹೀರಾತು ಕಂಡಳು. ಪರೀಕ್ಷೆಗೆಂದು ಅವರು ಒಂದು ಸ್ಕ್ರಿಪ್ಟು ಕೊಟ್ಟು, ಇದರಲ್ಲಿ ಹನ್ನೊಂದು ತಪ್ಪಿವೆ, ಹುಡುಕಿ ಎಂದರು. ಅವಳು ಹದಿನಾಲ್ಕು ಹುಡುಕಿಕೊಟ್ಟಳು. ಮಿಸೆಸ್ ಟಾಲ್ಬಟ್ ಕನ್ನಡಕ ತೆಗೆದು ಅವಳನ್ನು ಒಮ್ಮೆ ನೋಡಿ, ಸೋಮವಾರದಿಂದ ಬನ್ನಿ ಎಂದರು.

೧೯೭೩ರ ಬೇಸಿಗೆಯಲ್ಲಿ ‘ಲಾಂಗ್ ಆರ್ಬಿಟ್’ ಎಂಬ ಹೊಸ ವಿಜ್ಞಾನ ಧಾರಾವಾಹಿಯ ಸ್ಕ್ರಿಪ್ಟುಗಳು ಬರತೊಡಗಿದವು. ಭೂಮಿಗೆ ಮರಳಲು ಹನ್ನೆರಡು ವರ್ಷ ಬೇಕಾಗುವ ಒಂದು ಆಕಾಶನೌಕೆಯ ಕಥೆ. ಅದರ ಮುಖ್ಯ ಬರಹಗಾರ ರಸ್ ಕ್ರೌಡರ್. ಅಲ್ಲಿಯವರೆಗೆ ಕುದುರೆ, ಪಿಸ್ತೂಲಿನ ಧಾರಾವಾಹಿಗಳನ್ನು ಬರೆದು ಹೆಸರು ಮಾಡಿದವನು. ಶಂಕ್ರವ್ವನಿಗೆ ಮೊದಲ ಕಂತಿನಲ್ಲೇ ಇಪ್ಪತ್ತಾರು ತಪ್ಪು ಸಿಕ್ಕವು. ಇಂಜಿನ್ ಬಂದ್ ಆದ ಕೂಡಲೇ ನೌಕೆ ನಿಂತುಬಿಡುತ್ತಿತ್ತು. ಎರಡು ಸೂರ್ಯರಿದ್ದ ಗ್ರಹದಲ್ಲಿ ಮನುಷ್ಯರಿಗೆ ಒಂದೇ ನೆರಳು ಬೀಳುತ್ತಿತ್ತು. ಹಿಮದ ಗುಹೆಯೊಂದರ ಉಷ್ಣತೆ ಮೈನಸ್ ನಾನೂರು ಡಿಗ್ರಿ ಸೆಂಟಿಗ್ರೇಡ್ ಇತ್ತು. ಅವಳು ಪುಟ, ಸಾಲು ಹಾಕಿ ಎಲ್ಲವನ್ನೂ ಟೈಪ್ ಮಾಡಿ ಕಳಿಸಿದಳು.

ವರದಿ ವಾಪಸು ಬಂತು. ಅಂಚಿನ ತುಂಬ ಹಸಿರು ಶಾಯಿ. ‘ನನ್ನ ಆಕಾಶದಲ್ಲಿ ನಿಲ್ಲುತ್ತದೆ’ ಎಂದು ನೌಕೆಯ ಮುಂದೆ ಬರೆದಿತ್ತು. ನೆರಳಿನ ಮುಂದೆ: ‘ಇನ್ನೊಂದು ನೆರಳಿಗೆ ಇವನು ಲೈಟ್ ತಂದುಕೊಡುತ್ತಾನಾ?’ ಕೊನೆಯಲ್ಲಿ: ‘ಯಾರು ಈ ಮೇಷ್ಟ್ರು?’

ಶಂಕ್ರವ್ವ ಮುಂದಿನ ವರದಿಯನ್ನು ಇನ್ನೂ ಉದ್ದ ಮಾಡಿದಳು. ಸ್ಕ್ರಿಪ್ಟು ತಿದ್ದಿದಂತೆಲ್ಲ ತಿದ್ದಿದ ಹಾಳೆಗಳು ಬೇರೆ ಬೇರೆ ಬಣ್ಣದಲ್ಲಿ ಬರುತ್ತಿದ್ದವು. ಮೊದಲು ನೀಲಿ, ಆಮೇಲೆ ಗುಲಾಬಿ, ಆಮೇಲೆ ಹಳದಿ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಯಾವ ಬಣ್ಣದಲ್ಲೂ ಬದಲಾಗುತ್ತಿರಲಿಲ್ಲ. ಬಿಟ್ಟುಕೊಡುವ ಜಾಯಮಾನ ಅವಳದೂ ಅಲ್ಲ, ಅವನದೂ ಅಲ್ಲ.

ಕ್ರೌಡರ್‌ಗೂ ಆ ಬೇಸಿಗೆ ನೆಟ್ಟಗಿರಲಿಲ್ಲವೆಂದು ಹೇಳಬೇಕು. ಪ್ರಸಾರ ಮಾಡುವ ನೆಟ್‌ವರ್ಕ್‌ನವರು ವಾರಕ್ಕೊಮ್ಮೆ ಬಂದು ಅವನ ಕುತ್ತಿಗೆ ಹಿಚುಕುತ್ತಿದ್ದರು. ಮಾತು ಕಡಿಮೆ ಮಾಡು, ವಿಚಿತ್ರ ಪ್ರಾಣಿಗಳನ್ನು ಹೆಚ್ಚು ಮಾಡು, ನಾಯಕಿಯ ಲಂಗ ಗಿಡ್ಡ ಮಾಡು. ಅವನು ಅವರ ಮೇಲಿನ ಸಿಟ್ಟನ್ನು ಕೆಳಗಿನವರ ಮೇಲೆ ತೀರಿಸಿಕೊಳ್ಳುತ್ತಿದ್ದ. ಇಬ್ಬರು ಬರಹಗಾರರು ಆಗಲೇ ಬಿಟ್ಟುಹೋಗಿದ್ದರು. ಇದೆಲ್ಲ ಶಂಕ್ರವ್ವನಿಗೆ ಗೊತ್ತಾದದ್ದು ಆಮೇಲೆ. ಗೊತ್ತಾದ ಮೇಲೂ ಅವಳಿಗೆ ಅಯ್ಯೋ ಅನ್ನಿಸಲಿಲ್ಲ.

ಆಗಸ್ಟಿನಲ್ಲಿ ಸ್ಟುಡಿಯೋದಲ್ಲಿ ಒಂದು ಮೀಟಿಂಗ್ ಕರೆದರು. ಮಿಸೆಸ್ ಟಾಲ್ಬಟ್ ಜೊತೆಗೆ ಶಂಕ್ರವ್ವನನ್ನೂ ಕರೆದೊಯ್ದರು. ಉದ್ದ ಮೇಜು, ಎಂಟು ಗಂಡಸರು, ಸಿಗರೇಟಿನ ಹೊಗೆ. ಸೀರೆಯುಟ್ಟ ಹೆಂಗಸು ಒಳಗೆ ಬಂದದ್ದನ್ನು ಕಂಡು ಕ್ರೌಡರ್ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದ.

“ಇವರೇನಾ ಆ ಮೇಷ್ಟ್ರು? ನಾನು ಯಾರೋ ಬೋಳುತಲೆ ಮುದುಕ ಅಂದುಕೊಂಡಿದ್ದೆ. ನಿಮ್ಮ ಊರಲ್ಲಿ ಟೆಲಿವಿಷನ್ ಇದೆಯಾ, ಮೇಡಂ?”

“ಇಲ್ಲ,” ಎಂದಳು.

“ಆದರೂ ಟೆಲಿವಿಷನ್ ಹೇಗೆ ಮಾಡಬೇಕು ಅಂತ ನಮಗೆ ಹೇಳಿಕೊಡ್ತೀರಿ.”

“ಟೆಲಿವಿಷನ್ ಬಗ್ಗೆ ನಾನು ಒಂದು ಮಾತೂ ಬರೆದಿಲ್ಲ. ಮೈನಸ್ ನಾನೂರು ಡಿಗ್ರಿಯ ಬಗ್ಗೆ ಬರೆದೆ. ಅಷ್ಟು ತಣ್ಣಗೆ ಯಾವ ವಸ್ತುವೂ ಆಗೋದಿಲ್ಲ. ಟೆಲಿವಿಷನ್ ಇರೋ ಊರಲ್ಲೂ ಆಗೋದಿಲ್ಲ, ಇಲ್ಲದ ಊರಲ್ಲೂ ಆಗೋದಿಲ್ಲ.”

ನೆಟ್‌ವರ್ಕ್‌ನಿಂದ ಬಂದಿದ್ದ ಮನುಷ್ಯ ಗಹಗಹಿಸಿ ನಕ್ಕ. ಅವನು ನಕ್ಕದ್ದು ಕಂಡು ಉಳಿದವರೂ ನಕ್ಕರು. “ರಸ್, ಅದನ್ನ ತಿದ್ದಿಬಿಡು,” ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. ಕ್ರೌಡರ್ ಮಾತ್ರ ನಗಲಿಲ್ಲ. ಕುರ್ಚಿಯನ್ನು ಮೆಲ್ಲಗೆ ಮುಂದಕ್ಕೆ ತಂದು ಪೆನ್ನಿನ ಮುಚ್ಚಳ ಹಾಕಿದ. ಮಾತು ಬೇರೆ ಕಡೆ ಹೊರಳಿತು.

ಮರುದಿನ ಅವನ ಆಫೀಸಿನಿಂದ ಒಂದು ಪತ್ರ ಬಂತು. ಇನ್ನು ಮೇಲೆ ವಿಜ್ಞಾನದ ಟಿಪ್ಪಣಿ ಬೇಡ. ಹೆಸರುಗಳನ್ನು ಮಾತ್ರ ನೋಡಬೇಕು, ಅದೂ ಲಾಸ್ ಏಂಜಲೀಸ್ ಡೈರೆಕ್ಟರಿಗಳಲ್ಲಿ ಮಾತ್ರ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು. ಮಿಸೆಸ್ ಟಾಲ್ಬಟ್ ಅದನ್ನು ಓದಿ ಶಂಕ್ರವ್ವನ ಮೇಜಿನ ಮೇಲಿಟ್ಟರು. “ಗಿರಾಕಿ ಹೇಳಿದ ಮೇಲೆ ಮುಗಿಯಿತು,” ಎಂದರು.

ಮೂರು ವಾರದ ನಂತರ ಏಳನೆಯ ಕಂತು ಬಂತು. ನೌಕೆಯವರು ಕೆಸರಿನ ಗ್ರಹವೊಂದರಲ್ಲಿ ಇಳಿಯುತ್ತಾರೆ. ಅಲ್ಲಿ ಬಸವನಹುಳುವಿನಂಥ ಲೋಳೆ ಪ್ರಾಣಿಗಳಿವೆ. ಅವುಗಳ ರಾಣಿ ಮುನ್ನೂರು ವರ್ಷದ ಮುದುಕಿ, ಮೈಯಿಂದ ದುರ್ನಾತ ಬೀರುತ್ತ ತನ್ನ ಮರಿಗಳನ್ನು ತಾನೇ ತಿನ್ನುತ್ತಾಳೆ. ಅವಳ ಹೆಸರು ಶಂಕ್ರಾವಾ.

ಶಂಕ್ರವ್ವ ಆ ಪುಟವನ್ನು ಮೂರು ಸಲ ಓದಿದಳು. ಅವಳಿಗೆ ಇಟ್ಟಿದ್ದ ಅಜ್ಜಿಯ ಹೆಸರು ಅದು. ಗದಗಿನ ಪೇಟೆಯಲ್ಲಿ ಕಾಳಿನ ಅಂಗಡಿ ನಡೆಸಿದ, ಸುಳ್ಳು ತೂಕದವರನ್ನು ಮಾರುಕಟ್ಟೆಯ ನಡುವೆ ನಿಲ್ಲಿಸಿ ಬೈಯುತ್ತಿದ್ದ ಹೆಂಗಸು ಅವಳು. ಆಫೀಸಿನಲ್ಲಿ ಎಲ್ಲರೂ ಇವಳನ್ನು ‘ಶಾನ್’ ಎನ್ನುತ್ತಿದ್ದರು. ಪೂರ್ತಿ ಹೆಸರು ಇದ್ದದ್ದು ಅವಳ ವರದಿಗಳ ಕೆಳಗಿನ ಸಹಿಯಲ್ಲಿ ಮಾತ್ರ. ಕ್ರೌಡರ್ ಅಲ್ಲಿಂದಲೇ ಎತ್ತಿದ್ದ.

ಅವಳು ನಿಯಮದ ಪ್ರಕಾರ ಡೈರೆಕ್ಟರಿ ತೆಗೆದಳು. ಶಂಕ್ರವ್ವ ಎಂಬ ಹೆಸರಿನವರು ಯಾರೂ ಇರಲಿಲ್ಲ. ಹಂಚಿನಾಳ ಎಂಬಲ್ಲಿ ಒಂದೇ ಸಾಲು: ಹಂಚಿನಾಳ ಎನ್. ಫೋನು ಗಂಡನ ಹೆಸರಿನಲ್ಲಿತ್ತು. ಆದರೂ ಅವಳು ಟೈಪ್ ಮಾಡಿದಳು: ‘ಶಂಕ್ರಾವಾ: ಈ ಹೆಸರಿನ ವ್ಯಕ್ತಿ ಲಾಸ್ ಏಂಜಲೀಸಿನಲ್ಲಿ ಒಬ್ಬಳೇ ಇದ್ದಾಳೆ, ಈ ವರದಿ ಬರೆದವಳು. ನಾಟ್ ಕ್ಲಿಯರ್.’

ಸಂಜೆ ಮನೆಯಲ್ಲಿ ನೀಲಕಂಠಪ್ಪನಿಗೆ ಹೇಳಿದಳು. ಅವನು ಆಗಷ್ಟೇ ಕಂಪನಿಯ ಗುಪ್ತ ಪ್ರಾಜೆಕ್ಟೊಂದರಲ್ಲಿ ಸೇರಲು ಸರ್ಕಾರದ ಪರವಾನಗಿಗೆ ಅಪ್ಲೈ ಮಾಡಿದ್ದ. ಮನೆಯವರ ಬಗ್ಗೆಯೂ ವಿಚಾರಣೆ ನಡೆಯುವುದಿತ್ತು.

“ಹುಳಕ್ಕ ಹೆಸರಿಟ್ರ ನಿನಗೇನಾತು? ಬಿಡ ಅತ್ಲಾಗ.”

“ನಿಮ್ಮ ಹೆಸರಿಟ್ಟಿದ್ರ ಬಿಡ್ತಿದ್ರ್ಯಾ?”

“ನನ್ನ ಹೆಸರು ನಾಲ್ಕು ಮಂದಿಗೆ ಗೊತ್ತೈತಿ. ನಿನ್ನ ಹೆಸರು ಈ ಊರಾಗ ಯಾರಿಗ್ ಗೊತ್ತೈತಿ? ಈಗ ಜಗಳ ತಗದು ಪೇಪರಿನಾಗ ಗೀಪರಿನಾಗ ಬಂದ್ರ ನನ್ನ ಕೆಲಸಕ್ಕ ಕಲ್ಲು ಬೀಳ್ತೈತಿ. ಸುಮ್ಕಿರು.”

ಅವಳು ಸಾರಿನ ಪಾತ್ರೆಯನ್ನು ಅವನ ಮುಂದೆ ಸದ್ದಾಗುವಂತೆ ಇಟ್ಟು ಎದ್ದುಹೋದಳು.

ಎರಡು ದಿನದ ಮೇಲೆ ಗುಲಾಬಿ ಹಾಳೆ ಬಂತು. ಹೆಸರು ಹಾಗೇ ಇತ್ತು. ಡೈರೆಕ್ಟರಿಯಲ್ಲಿ ಇಲ್ಲದವರನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂದು ಸ್ಟುಡಿಯೋದ ವಕೀಲರು ಹೇಳಿದ್ದರು. ಮಿಸೆಸ್ ಟಾಲ್ಬಟ್ ಫೋನಿನಲ್ಲಿ ಒಂದು ತಾಸು ಜಗಳವಾಡಿ ಸೋತು ಬಂದರು. “ಇದು ಕೊಳಕು ಕೆಲಸ,” ಎಂದರು. “ಆದರೆ ನಿಯಮ ಅವರ ಕಡೆ ಇದೆ. ನಿಮ್ಮ ವರದಿಯಲ್ಲಿ ಆ ಸಾಲು ತೆಗೆದು ನನ್ನ ಸಹಿ ಹಾಕಿ ಕಳಿಸ್ತೇನೆ.” ಹಾಗೇ ಕಳಿಸಿದರು.

ಆ ಕಂತು ನವೆಂಬರಿನಲ್ಲಿ ಪ್ರಸಾರವಾಯಿತು. ರೆಡೊಂಡೊ ಬೀಚಿನ ಸುತ್ತಮುತ್ತ ಆಗ ಹತ್ತು ಹನ್ನೆರಡು ಕನ್ನಡ ಮನೆಗಳಿದ್ದವು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಊಟ. ಆ ಸಲ ಪ್ರೇಮವ್ವನ ಮನೆಯಲ್ಲಿ. ಶಂಕ್ರವ್ವ ರೊಟ್ಟಿಯ ಡಬ್ಬಿ ಹಿಡಿದು ಒಳಗೆ ಕಾಲಿಡುತ್ತಲೇ ಹಿತ್ತಲಿನಿಂದ, ಆ ಲೋಳೆಹುಳುವಿನ ಇಂಗ್ಲಿಷ್ ಹೆಸರು ಹಿಡಿದು, ಮಕ್ಕಳ ಕೂಗು ಕೇಳಿತು. “ಸ್ಲಗ್ ಆಂಟಿ, ಸ್ಲಗ್ ಆಂಟಿ.” ಆರು ವರ್ಷದ ಮಗಳು ಲೀಲಾ ತಾಯಿಯ ಸೆರಗು ಹಿಡಿದು, “ಮಾಮ್, ಡೂ ಯೂ ಈಟ್ ಬೇಬೀಸ್?” ಎಂದು ಮೆಲ್ಲಗೆ ಕೇಳಿದಳು.

“ಹುಡುಗ್ರು ಅಂತಾವ್ರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ,” ಎಂದಳು ಪ್ರೇಮವ್ವ. ಹಾಗೆನ್ನುವಾಗ ಅವಳ ತುಟಿ ಕುಣಿಯುತ್ತಿತ್ತು. ಒಳಗೆ ಸೋಫಾದ ಮೇಲೆ ಗಂಡಸರು ಅದೇ ಮಾತಾಡಿಕೊಂಡು ನಗುತ್ತಿದ್ದರು. ಅವರ ನಡುವೆ ನೀಲಕಂಠಪ್ಪನೂ ಇದ್ದ, ಎಲ್ಲರಿಗಿಂತ ಜೋರಾಗಿ ನಗುತ್ತ. ಹೆಂಡತಿಯನ್ನು ಕಂಡು ನಗು ನುಂಗಿದ. ಅವಳು ರೊಟ್ಟಿಯ ಡಬ್ಬಿಯನ್ನು ಅಡುಗೆಮನೆಯಲ್ಲಿಟ್ಟು, ಮಗಳ ಕೈ ಹಿಡಿದು ಕಾರಿಗೆ ಬಂದು, ಗಂಡನನ್ನು ಅಲ್ಲೇ ಬಿಟ್ಟು ಮನೆಗೆ ಡ್ರೈವ್ ಮಾಡಿಕೊಂಡು ಹೋದಳು. ಆಮೇಲೆ ಆ ಮನೆಗಳ ಕಡೆ ಅವಳು ಹಾಯಲಿಲ್ಲ.

ಡಿಸೆಂಬರಿನಲ್ಲಿ ಹನ್ನೆರಡನೆಯ ಕಂತಿನ ಸ್ಕ್ರಿಪ್ಟು ಬಂತು. ಅದರ ಖಳನಾಯಕ ಒಬ್ಬ ವೈದ್ಯ. ದೂರದ ಗ್ರಹವೊಂದರಲ್ಲಿ ಅನಾಥ ಮಕ್ಕಳನ್ನು ಕೂಡಿಟ್ಟುಕೊಂಡು ಅವರ ರಕ್ತ ಹೀರಿ ತನ್ನ ಆಯುಷ್ಯ ಬೆಳೆಸಿಕೊಳ್ಳುತ್ತಾನೆ. ಹೆಸರು ಡಾಕ್ಟರ್ ಓರಿನ್ ವೆಸ್ಟರ್ಲಿಂಗ್. ಶಂಕ್ರವ್ವ ಲಾಸ್ ಏಂಜಲೀಸ್ ಡೈರೆಕ್ಟರಿಗಳನ್ನು ನೋಡಿದಳು. ಯಾರೂ ಇರಲಿಲ್ಲ. ಈ ಧಾರಾವಾಹಿಯವರು ಬೇರೆ ಗ್ರಹಗಳ ಬೆಟ್ಟಗುಡ್ಡಗಳಿಗಾಗಿ ಸ್ಯಾನ್ ಡಿಯಾಗೊದ ಟೊರ್ರಿ ಪೈನ್ಸ್ ಕಡಲ ದಿಬ್ಬಗಳಲ್ಲಿ ಶೂಟಿಂಗ್ ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಮೊದಮೊದಲು ಆ ಊರಿನ ಡೈರೆಕ್ಟರಿಯನ್ನೂ ನೋಡುವುದು ಅವಳ ರೂಢಿಯಾಗಿತ್ತು. ಕೈ ತಾನಾಗಿ ಅದರ ಕಡೆಗೆ ಹೋಯಿತು. ವೆಸ್ಟರ್ಲಿಂಗ್ ಎಂಬವರು ಇದ್ದದ್ದು ಒಬ್ಬರೇ. ಮೊದಲಕ್ಷರ ಓ. ಪಕ್ಕದಲ್ಲಿ ಎಂ.ಡಿ.

ಅವಳು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಳು. ಪಕ್ಕದ ಮೇಜಿನಲ್ಲಿ ಟೈಪ್‌ರೈಟರ್ ನಡೆದೇ ಇತ್ತು. ಕ್ರೌಡರ್‌ನ ಪತ್ರ ಎದುರಿನ ಫೈಲಿನಲ್ಲೇ ಇತ್ತು: ಲಾಸ್ ಏಂಜಲೀಸ್ ಮಾತ್ರ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು. ಮಾಡಿದ್ದುಣ್ಣಲಿ ಎಂದುಕೊಂಡಳು. ಆ ಡಾಕ್ಟರ್ ಯಾರು, ಎಂಥವನು ಎಂಬ ಯೋಚನೆ ಅವಳ ತಲೆಯೊಳಗೆ ಬಾರದೇ ಇರಲಿಲ್ಲ. ಬಂತು, ಅವಳು ಅದನ್ನು ಆಚೆ ನೂಕಿದಳು. ಡೈರೆಕ್ಟರಿಯನ್ನು ಗೋಡೆಗೆ ಸೇರಿಸಿ ಫಾರ್ಮಿನಲ್ಲಿ ಟೈಪ್ ಮಾಡಿದಳು: ‘ಲಾಸ್ ಏಂಜಲೀಸ್: ಯಾರೂ ಇಲ್ಲ. ಕ್ಲಿಯರ್.’ ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

೧೯೭೪ರ ಫೆಬ್ರವರಿಯಲ್ಲಿ ಆ ಕಂತು ಪ್ರಸಾರವಾದ ಹತ್ತನೆಯ ದಿನ ವಕೀಲರ ನೋಟೀಸು ಬಂತು. ಓರಿನ್ ವೆಸ್ಟರ್ಲಿಂಗ್ ಟೊರ್ರಿ ಪೈನ್ಸ್‌ನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮಕ್ಕಳ ರಕ್ತದ ಕಾಯಿಲೆಗೆ ಔಷಧಿ ಹುಡುಕುತ್ತಿದ್ದ ವೈದ್ಯ. ಶೂಟಿಂಗಿಗೆ ಜಾಗ ನೋಡಲು ಹೋದಾಗ ಕ್ರೌಡರ್ ರಸ್ತೆಬದಿಯ ಬೋರ್ಡಿನಲ್ಲಿ ಆ ಹೆಸರು ಕಂಡಿದ್ದ. ಎಲ್ಲಿ ಕಂಡೆನೆಂಬುದು ಮರೆತುಹೋಗಿ, ಹೆಸರು ಮಾತ್ರ ನಾಲಿಗೆಯ ಮೇಲೆ ಉಳಿದಿತ್ತು. ವಿಚಾರಣೆಯಲ್ಲಿ ಅವನೇ ಹಾಗೆ ಹೇಳಿದ. ಧಾರಾವಾಹಿಗೆ ಮೊದಲೇ ನೋಡುವವರು ಕಡಿಮೆಯಾಗಿದ್ದರು. ನೆಟ್‌ವರ್ಕ್‌ನವರಿಗೆ ಒಂದು ನೆವ ಬೇಕಿತ್ತು, ಸಿಕ್ಕಿತು. ಹದಿನೈದನೆಯ ಕಂತಿಗೆ ‘ಲಾಂಗ್ ಆರ್ಬಿಟ್’ ನಿಂತಿತು. ನೌಕೆಯವರು ಭೂಮಿಗೆ ಬಂದರೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕ್ರೌಡರ್‌ನನ್ನು ತೆಗೆದರು.

ಅವನು ಒಂದು ಮಧ್ಯಾಹ್ನ ಆಫೀಸಿಗೇ ಬಂದ. ಬಾಗಿಲಲ್ಲಿ ನಿಂತು, “ನಿಮಗೆ ಗೊತ್ತಿತ್ತು,” ಎಂದ. ಅದು ಪ್ರಶ್ನೆಯಾಗಿರಲಿಲ್ಲ.

“ನೀವು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇನೆ. ನಿಮ್ಮ ಪತ್ರ ಫೈಲಿನಲ್ಲಿದೆ.”

“ಹನ್ನೊಂದು ವರ್ಷ ಈ ಊರಲ್ಲಿ ದುಡಿದೆ. ಇನ್ನು ಇಲ್ಲಿ ನನಗೆ ಯಾರೂ ಬಾಗಿಲು ತೆಗೆಯೋದಿಲ್ಲ.”

“ನನಗೆ ಬಂದ ದಿನದಿಂದಲೂ ತೆಗೆದಿಲ್ಲ,” ಎಂದು ಅವಳು ಟೈಪ್‌ರೈಟರಿಗೆ ಹೊಸ ಹಾಳೆ ಸಿಕ್ಕಿಸಿದಳು. ಅವನು ಒಂದು ಕೆಟ್ಟ ಮಾತಾಡಿ, ಮೆಟ್ಟಿಲಿಳಿದು ಹೋದ.

ಮಿಸೆಸ್ ಟಾಲ್ಬಟ್ ಆ ಸಂಜೆ ಉಳಿದವರನ್ನು ಬೇಗ ಕಳಿಸಿ, ಶಂಕ್ರವ್ವನ ಎದುರು ಬಂದು ಕೂತರು. “ಸ್ಯಾನ್ ಡಿಯಾಗೊ ಡೈರೆಕ್ಟರಿ ನೋಡಿದ್ದಿರಾ?”

ಸುಳ್ಳು ಹೇಳಬಹುದಿತ್ತು. ಆದರೆ ಈ ಹೆಂಗಸು ತನಗಾಗಿ ಒಂದು ತಾಸು ಫೋನಿನಲ್ಲಿ ಜಗಳವಾಡಿದವಳು. “ನೋಡಿದ್ದೆ,” ಎಂದಳು.

ಮಿಸೆಸ್ ಟಾಲ್ಬಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎರಡು ಸ್ಟುಡಿಯೋಗಳು ನಮ್ಮನ್ನ ಬಿಟ್ಟಿವೆ. ಅದು ಹಾಗಿರಲಿ. ಆ ಡಾಕ್ಟರ್ ನಿಮಗೇನು ಮಾಡಿದ್ದ? ನಾಳೆಯಿಂದ ಬರಬೇಡಿ, ಶಾನ್.”

“ನನ್ನ ಹೆಸರು ಶಂಕ್ರವ್ವ.”

“ನಾಳೆಯಿಂದ ಬರಬೇಡಿ,” ಎಂದರು ಅವರು, ಹೆಸರು ಹೇಳದೆ.

ಗಂಡನಿಗೆ ಅವಳು ಕೆಲಸ ಬಿಟ್ಟೆ ಎಂದಷ್ಟೇ ಹೇಳಿದಳು. ಅವನೂ ಕೆದಕಲಿಲ್ಲ. ಪರವಾನಗಿ ಸಿಕ್ಕಿತ್ತು, ಬಡ್ತಿಯೂ ಆಯಿತು. ೧೯೭೮ರಲ್ಲಿ ಅವನಿಗೆ ಸ್ಯಾನ್ ಡಿಯಾಗೊದಲ್ಲಿ ಕೆಲಸವಾಗಿ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಹೊಸ ಮನೆ ಕೊಂಡರು. ಅವಳು ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡತೊಡಗಿದಳು. ಕಠಿಣ ಮೇಡಂ ಎಂದು ಹುಡುಗರು ಹೆದರುತ್ತಿದ್ದರು. ಕಾಲೇಜಿಗೆ ಹೋಗುವ ದಾರಿಯಲ್ಲಿ ಟೊರ್ರಿ ಪೈನ್ಸ್ ಕಡೆಗೆ ತಿರುಗುವ ರಸ್ತೆಯಿತ್ತು. ಐದು ವರ್ಷ ಅವಳು ಆ ತಿರುವನ್ನು ದಿನವೂ ದಾಟಿದಳು.

೧೯೮೩ರ ಮಾರ್ಚಿನಲ್ಲಿ, ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗಿಯೊಬ್ಬಳನ್ನು ಫೇಲ್ ಮಾಡಿದ ದಿನ, ಅವಳು ಆ ತಿರುವಿನಲ್ಲಿ ತಿರುಗಿದಳು. ಆ ಹುಡುಗಿ ಅತ್ತು, “ಪ್ರಶ್ನೆಪತ್ರಿಕೆಯಲ್ಲಿ ಪುಸ್ತಕ ನೋಡಬಾರದು ಅಂತ ಬರೆದಿರಲಿಲ್ಲ,” ಎಂದು ವಾದಿಸಿದ್ದಳು. ಶಂಕ್ರವ್ವನಿಗೆ ತಾನು ಟೈಪ್ ಮಾಡಿದ್ದ ‘ಲಾಸ್ ಏಂಜಲೀಸ್: ಯಾರೂ ಇಲ್ಲ’ ಎಂಬ ಸಾಲು ನೆನಪಾಗಿತ್ತು.

ಡಾಕ್ಟರ್ ವೆಸ್ಟರ್ಲಿಂಗ್ ಅರವತ್ತು ದಾಟಿದ ಎತ್ತರದ ಮನುಷ್ಯ. ಅವಳನ್ನು ಕೂರಲು ಹೇಳಿದ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಕ್ರೌಡರ್‌ನ ವಿಷಯ, ಲೋಳೆ ರಾಣಿಯ ವಿಷಯ, ಡೈರೆಕ್ಟರಿಯ ವಿಷಯ.

“ನನ್ನ ಹೆಸರಿನ ಮೇಲೆ ಎಷ್ಟು ಹೊತ್ತು ಬೆರಳಿಟ್ಟಿದ್ದಿರಿ?” ಎಂದು ಕೇಳಿದ.

“ಎರಡು ನಿಮಿಷ ಇರಬಹುದು.”

“ಆ ಕಂತು ಬಂದ ವಾರ ಮೂರು ಮನೆಯವರು ತಮ್ಮ ಮಕ್ಕಳನ್ನ ನನ್ನ ಚಿಕಿತ್ಸೆಯಿಂದ ಬಿಡಿಸಿಕೊಂಡು ಹೋದರು. ಇಬ್ಬರು ಆಮೇಲೆ ಬಂದರು. ಒಬ್ಬರು ಬರಲಿಲ್ಲ. ಆ ಮಗು ಈಗ ಎಲ್ಲಿದೆ, ಹೇಗಿದೆ, ನನಗೆ ಗೊತ್ತಿಲ್ಲ. ಆ ಬರಹಗಾರನಿಗೆ ನಾನಿರೋದೇ ತಿಳಿದಿರಲಿಲ್ಲ. ನಿಮಗೆ ತಿಳಿದಿತ್ತು.” ಅವನು ಎದ್ದು ಬಾಗಿಲು ತೆರೆದು ಹಿಡಿದ. “ನಾನು ಕ್ಷಮಿಸ್ತೇನೆ ಅಂತ ಬಂದಿದ್ದರೆ, ಇಲ್ಲ.”

“ಅದಕ್ಕೆ ಬಂದಿಲ್ಲ,” ಎಂದಳು. ನಿಜವಾಗಿ ಯಾತಕ್ಕೆ ಬಂದೆನೆಂದು ಅವಳಿಗೂ ತಿಳಿದಿರಲಿಲ್ಲ. ಕಾರು ಹತ್ತಿ ಮನೆಗೆ ಹೊರಟಳು.

ಊಟದ ಹೊತ್ತಿಗೆ ನೀಲಕಂಠಪ್ಪ ಕೇಳಿದ, “ಎಲ್ಲಿ ಹೋಗಿದ್ದಿ ಇಷ್ಟೊತ್ತನಕಾ?”

“ಟೊರ್ರಿ ಪೈನ್ಸ್‌ಗೆ. ಒಬ್ಬರ ಮುಂದ ತಪ್ಪು ಒಪ್ಕೊಳ್ಳೋದಿತ್ತು.”

ಒಂಬತ್ತು ವರ್ಷದ ಮೇಲೆ ಅವಳು ಅವನಿಗೂ ಹೇಳಿದಳು, ಪ್ರೇಮವ್ವನ ಮನೆಯ ಸೋಫಾದ ಮೇಲಿನ ನಗುವನ್ನೂ ಬಿಡದೆ. ಅವನು ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳಿದ. “ಆವಾಗ ನನ್ನ ವಿಚಾರಣಿ ನಡದಿತ್ತು. ಇದು ಹೊರಗ ಬಿದ್ದಿದ್ರ ನನ್ನ ಗತಿ ಏನಾಗ್ತಿತ್ತು, ವಿಚಾರ ಮಾಡಿದ್ಯಾ?”

“ಇಲ್ರಿ. ನಿಮ್ಮ ವಿಚಾರ ಆವತ್ತ ನನ್ನ ತಲಿಯಾಗ ಇರಲೇ ಇಲ್ಲ.”

ಅವನು ಕೈ ತೊಳೆದುಕೊಂಡು ಎದ್ದ. ನಾಲ್ಕು ದಿನ ಇಬ್ಬರೂ ಮಾತಾಡಲಿಲ್ಲ. ಹದಿನಾರರ ಲೀಲಾ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಇಂಗ್ಲಿಷಿನಲ್ಲಿ ಮುಟ್ಟಿಸಿ ಬೇಸತ್ತಳು. ಐದನೆಯ ದಿನ ಗ್ಯಾರೇಜಿನಲ್ಲಿ ವಾಟರ್ ಹೀಟರ್ ಒಡೆದು ನೀರೆಲ್ಲ ನೆಲದ ಮೇಲೆ ಹರಿಯಿತು. ಗಂಡ ಹೆಂಡಿರಿಬ್ಬರೂ ಪ್ಯಾಂಟು, ಸೀರೆ ಮೇಲೆತ್ತಿ ಕಟ್ಟಿ ನೀರು ಬಳಿಯಲು ನಿಂತರು.

“ಆ ಬಕೀಟು ಇತ್ಲಾಗ ಕೊಡು,” ಎಂದ ಅವನು. ಅವಳು ಕೊಟ್ಟಳು.